ಚೀನೀಯರ ವರ್ಷಪ್ರಾಣಿಗಳೂ ಕೊರಳಿನ ಬೀಗವೂ

ನಮ್ಮ ಚಿಕ್ಕಮ್ಮನವರ ಮೊಮ್ಮಗಳೊಬ್ಬಳು ಸಿಂಗಪುರದಲ್ಲಿ ಉದ್ಯೋಗದಲ್ಲಿರುವಳು. ಕಳೆದ ಸಲ ಊರಿಗೆ ಬಂದಾಗ ಅವಳ ಕೊರಳಿನಲ್ಲಿ ಹೊಸದೊಂದು ಪದಕವಿದ್ದಿತು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಚಿನ್ನದ ಕುದುರೆ. ಅದರ ಕೆಳಗೆ ತೂಗುವ ಒಂದು ಬಿಳಿಯ ಮಣಿ. ಪದಕದೊಡನೆ ಅಂಗಡಿಯವರು ಒಂದು ಅಚ್ಚಿನ ಕಾಗದವನ್ನೂ ಕೊಟ್ಟಿದ್ದರು. 1990ನೆಯ ಇಸವಿಯಲ್ಲಿ ಹುಟ್ಟಿದವರು ಚೀನೀಯರ ಲೆಕ್ಕದಂತೆ ‘ಲೋಹದ ಕುದುರೆ’ಯ ವರ್ಷದವರೆಂದೂ, ಧೀರರೂ ಸಂಚಾರಪ್ರಿಯರೂ ಆಗಿರುವರೆಂದೂ, ತಮ್ಮ ವರ್ಷದ ಪ್ರಾಣಿಯನ್ನು ಧರಿಸಿದರೆ ಐಶ್ವರ್ಯ ಕೂಡಿಬರುವುದೆಂದೂ, ಇದು ಐದು ಸಾವಿರ ವರ್ಷಗಳ ಸಂಪ್ರದಾಯವೆಂದೂ ಅದರಲ್ಲಿ ಬರೆದಿದ್ದಿತು. ಚಿಕ್ಕಮ್ಮನವರು ಕಾಗದವನ್ನು ನನ್ನ ಕೈಗಿತ್ತು, “ಇದರಲ್ಲಿ ನಿಜವೆಷ್ಟು, ನೋಡಿ ಹೇಳಪ್ಪ” ಎಂದರು.

ಹುಡುಗಿ ಹುಟ್ಟಿದ್ದು 1990ರ ಜನವರಿಯ ನಡುವಿನಲ್ಲಿ. ಪಂಚಾಂಗವನ್ನು ನೋಡುವ ಮನೆಗಳವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಜನವರಿಯಲ್ಲಿ ನಮಗೆ ಇನ್ನೂ ಶುಕ್ಲ ಸಂವತ್ಸರವೇ ನಡೆಯುತ್ತಲಿದ್ದು, ಪ್ರಮೋದೂತವು ಯುಗಾದಿಯಂದು ಬಂದಿತು. ಚೀನೀಯರಿಗೂ ಹಾಗೆಯೇ. ಅವರ ಚಾಂದ್ರವರ್ಷವು ಆ ಸಲ ಜನವರಿ 27ರಂದು ಮೊದಲಾಯಿತು. ಅದಕ್ಕೆ ಮುಂಚೆ ಹುಟ್ಟಿದ ಕೂಸು ಹಿಂದಿನ ವರ್ಷಕ್ಕೆ, ಎಂದರೆ ‘ಮಣ್ಣಿನ ಸರ್ಪ’ಕ್ಕೆ ಸೇರಿದುದು. ಅಂಗಡಿಯವನು ಹಾವಿನ ವರ್ಷದವಳಿಗೆ ಕುದುರೆಯನ್ನು ಮಾರಿದ್ದನು.

ಈ ತಪ್ಪು ಸಣ್ಣದು, ನಕ್ಕು ಬಿಡಬಹುದು. ಕಾಗದದಲ್ಲಿದ್ದ ದೊಡ್ಡ ತಪ್ಪು ಬೇರೆಯೇ ಒಂದಿದೆ. ಹುಟ್ಟಿದ ವರ್ಷದ ಗುಣವನ್ನು ಮೆರೆಯಿಸುವುದಕ್ಕಾಗಿ ಚೀನೀಯರು ಇಂತಹ ಒಡವೆಗಳನ್ನು ಧರಿಸುತ್ತ ಬಂದರೆಂಬುದು ಅದರ ತಾತ್ಪರ್ಯ. ಆದರೆ ಇತಿಹಾಸವನ್ನು ನೋಡಿದರೆ ಆ ಒಡವೆಗಳನ್ನು ಕಟ್ಟಿದ ಕೈಗಳು ಬಹುಮಟ್ಟಿಗೆ ತಾಯಿತಂದೆಗಳವು. ಕಟ್ಟಿಸಿದುದು ಹೆಮ್ಮೆಯಲ್ಲ, ಭಯ.

ಮೊದಲು ಲೆಕ್ಕದ ಮಾತು. ಚೀನೀಯರಲ್ಲಿ ಹತ್ತು ಚಿಹ್ನೆಗಳ ಒಂದು ಸಾಲೂ ಹನ್ನೆರಡು ಚಿಹ್ನೆಗಳ ಇನ್ನೊಂದು ಸಾಲೂ ಉಂಟು. ಮೊದಲನೆಯದಕ್ಕೆ ‘ಕಾಂಡ’ಗಳೆಂದೂ ಎರಡನೆಯದಕ್ಕೆ ‘ಶಾಖೆ’ಗಳೆಂದೂ ಹೆಸರು. ಎರಡನ್ನೂ ಜೊತೆಜೊತೆಯಾಗಿ ಉರುಳಿಸಿಕೊಂಡು ಹೋದರೆ ಅರವತ್ತು ಜೋಡಿಗಳಾದ ಮೇಲೆ ಮೊದಲಿನ ಜೋಡಿ ಮರಳುವುದು. ನಮ್ಮ ಪ್ರಭವಾದಿ ಅರವತ್ತನ್ನು ಇದು ನೆನಪಿಗೆ ತರುತ್ತದೆ. ಅರವತ್ತು ತುಂಬಿದವರಿಗೆ ನಾವು ಶಾಂತಿ ಮಾಡಿಸುವಂತೆ ಅವರೂ ಆ ವಯಸ್ಸನ್ನು ಒಂದು ಆವರ್ತ ಮುಗಿದ ಕಾಲವೆಂದು ವಿಶೇಷವಾಗಿ ಎಣಿಸುವರು. ಷಾಂಗ್ ಅರಸರ ಕಾಲದಲ್ಲಿ, ಕ್ರಿಸ್ತನಿಗೆ ಸಾವಿರದ ಇನ್ನೂರು ವರ್ಷ ಹಿಂದೆ, ಶಕುನ ಕೇಳಲು ಬಳಸುತ್ತಿದ್ದ ಎಲುಬುಗಳ ಮೇಲೆಯೇ ಈ ಅರವತ್ತು ಜೋಡಿಗಳನ್ನು ಕೊರೆದಿರುವುದು ಕಂಡುಬಂದಿದೆ. ಆದರೆ ಆಗ ಎಣಿಸುತ್ತಿದ್ದುದು ದಿನಗಳನ್ನು, ವರ್ಷಗಳನ್ನಲ್ಲ. ಪ್ರಾಣಿಗಳ ಸುಳಿವಂತೂ ಅಲ್ಲಿ ಇಲ್ಲವೇ ಇಲ್ಲ.

ಪ್ರಾಣಿಗಳು ಬಂದ ಬಗೆ ವಿನೋದಕರವಾಗಿದೆ. 1975ರಲ್ಲಿ ಹೂಬೈ ಪ್ರಾಂತದ ಶುಯ್‌ಹುದಿ ಎಂಬಲ್ಲಿ ಒಂದು ಗೋರಿಯನ್ನು ಅಗೆದರು. ಕ್ರಿ. ಪೂ. 217ರ ಸುಮಾರಿಗೆ ತೀರಿಕೊಂಡ ಒಬ್ಬ ಸಣ್ಣ ಅಧಿಕಾರಿಯ ಗೋರಿ ಅದು. ನ್ಯಾಯವಿಚಾರಣೆಯ ಕೆಲಸದಲ್ಲಿದ್ದ ಆತನ ದೇಹದ ಸುತ್ತ ಸಾವಿರಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳನ್ನಿಟ್ಟಿದ್ದರು. ಅವುಗಳಲ್ಲಿ ಬಹುಪಾಲು ಕಾನೂನು. ಮಿಕ್ಕವುಗಳಲ್ಲಿ ಶುಭಾಶುಭ ದಿನಗಳನ್ನು ಹೇಳುವ ಒಂದು ಪುಸ್ತಕ. ಆ ಪುಸ್ತಕದಲ್ಲಿ ಕಳ್ಳರನ್ನು ಹಿಡಿಯುವ ಪ್ರಕರಣವೊಂದುಂಟು. ಕಳವು ಯಾವ ಶಾಖೆಯ ದಿನ ಆಯಿತೋ ಆ ಶಾಖೆಗೆ ಒಂದು ಪ್ರಾಣಿ; ಕಳ್ಳನ ಮುಖಲಕ್ಷಣವೂ ಮಾಲನ್ನು ಅಡಗಿಸಿಟ್ಟ ಸ್ಥಳವೂ ಆ ಪ್ರಾಣಿಗೆ ಅನುಸಾರವಾಗಿ ಇರುವುವು. ಮೊದಲನೆಯ ದಿನವಾದರೆ ಇಲಿ, ಎರಡನೆಯದಾದರೆ ಎತ್ತು, ಮೂರನೆಯದಕ್ಕೆ ಹುಲಿ, ನಾಲ್ಕನೆಯದಕ್ಕೆ ಮೊಲ. ಇಂದು ಆಭರಣದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಪ್ರಾಣಿಗಳು ಮೊಟ್ಟಮೊದಲು ನಮ್ಮ ಕಣ್ಣಿಗೆ ಬೀಳುವುದು ಕಳ್ಳರ ಗುರುತಿನ ಪಟ್ಟಿಯಲ್ಲಿ!

ಈ ಪಟ್ಟಿಯಲ್ಲಿ ಇನ್ನೊಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ‘ವೂ’ ಎಂಬ ಏಳನೆಯ ಶಾಖೆಗೆ ಇಂದು ಕುದುರೆ. ಶುಯ್‌ಹುದಿಯ ಪಟ್ಟಿಯಲ್ಲಿ ಅದಕ್ಕೆ ಜಿಂಕೆ; ಕುದುರೆಯಿರುವುದು ಎಂಟನೆಯದರಲ್ಲಿ, ಈಗ ಕುರಿಯಿರುವೆಡೆಯಲ್ಲಿ. ಐದನೆಯದಕ್ಕೆ ಪ್ರಾಣಿಯನ್ನೇ ಬರೆದಿಲ್ಲ. 1986ರಲ್ಲಿ ಗಾನ್ಸು ಪ್ರಾಂತದ ಫಾಂಗ್‌ಮಾತಾನ್ ಎಂಬಲ್ಲಿ ದೊರೆತ, ಹೆಚ್ಚುಕಡಿಮೆ ಅದೇ ಕಾಲದ ಪಟ್ಟಿಗಳಲ್ಲಾದರೋ ಕುದುರೆ ಏಳನೆಯದರಲ್ಲಿಯೇ ಇದೆ. ಒಂದು ಊರಿನ ಜಿಂಕೆ ಇನ್ನೊಂದು ಊರಿನ ಕುದುರೆ. ಸಾಲು ಇನ್ನೂ ಗಟ್ಟಿಯಾಗಿರಲಿಲ್ಲ.

ಅದು ಗಟ್ಟಿಯಾದ ಮೇಲೂ ದೇಶಾಂತರಗಳಲ್ಲಿ ಬದಲಾಗುತ್ತಲೇ ಇದ್ದಿತು. ಐದನೆಯ ಶತಮಾನದಲ್ಲಿ ಮಧ್ಯದೇಶದ ಭಿಕ್ಷು ಧರ್ಮಕ್ಷೇಮನು ಚೀನೀ ಭಾಷೆಗೆ ತಂದ ಮಹಾಸನ್ನಿಪಾತ ಸೂತ್ರದಲ್ಲಿ ಇವೇ ಹನ್ನೆರಡು ಪ್ರಾಣಿಗಳು ಜಂಬೂದ್ವೀಪದ ಸುತ್ತಣ ಗುಹೆಗಳಲ್ಲಿ ತಪಸ್ಸು ಮಾಡುತ್ತವೆ. ಅಲ್ಲಿ ಹುಲಿಯ ಬದಲು ಸಿಂಹ.

ಪ್ರಾಣಿಯು ದಿನವನ್ನು ಬಿಟ್ಟು ವರ್ಷಕ್ಕೆ, ವರ್ಷದಿಂದ ಮನುಷ್ಯನಿಗೆ ಅಂಟಿಕೊಂಡುದಕ್ಕೆ ದೊರೆಯುವ ಹಳೆಯ ಸಾಕ್ಷ್ಯಗಳಲ್ಲಿ ನನ್ನ ಮನಸ್ಸನ್ನು ಕಲಕಿದುದು ಒಂದು ತಾಯಿಯ ಪತ್ರ. ಆರನೆಯ ಶತಮಾನದಲ್ಲಿ ಉತ್ತರ ಚೀನವು ಎರಡು ರಾಜ್ಯಗಳಾಗಿ ಒಡೆದು ಕಾದಾಡುತ್ತಲಿದ್ದಿತು. ಒಂದು ರಾಜ್ಯದ ಸೂತ್ರವೆಲ್ಲ ಯೂವೆನ್ ಹೂ ಎಂಬ ಪ್ರಬಲನ ಕೈಯಲ್ಲಿ. ಆತನ ಮುದಿ ತಾಯಿ ಶತ್ರುರಾಜ್ಯದಲ್ಲಿ ಸೆರೆ. ಮೂವತ್ತೈದು ವರ್ಷ ಅವರು ಒಬ್ಬರ ಮುಖವನ್ನೊಬ್ಬರು ಕಂಡಿರಲಿಲ್ಲ. 564ರಲ್ಲಿ ಅವಳ ಹೆಸರಿನಿಂದ ಮಗನಿಗೊಂದು ಪತ್ರ ಬಂದಿತು. ಇದು ತನ್ನ ತಾಯಿಯದೇ ಎಂದು ಮಗನು ನಂಬುವ ಬಗೆ ಹೇಗೆ? ಅವಳು ಹಳೆಯ ಸಂಗತಿಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾಳೆ. ಯಾವ ಊರಿನಲ್ಲಿ ಹೆತ್ತೆನೆಂಬುದನ್ನು ಹೇಳಿ, ಹಿರಿಯವನು ಇಲಿಗೆ ಸೇರಿದವನು, ನಡುವಣವನು ಮೊಲಕ್ಕೆ, ನೀನು ಸರ್ಪಕ್ಕೆ ಎಂದು ನೆನಪು ಮಾಡುತ್ತಾಳೆ. ಪತ್ರದೊಡನೆ ಅವನು ಎಳವೆಯಲ್ಲಿ ತೊಟ್ಟಿದ್ದ ಜರತಾರಿ ಅಂಗಿಯನ್ನೂ ಕಳುಹಿದ್ದಳು. ಅದೇ ವರ್ಷ ಅವಳನ್ನು ಬಿಟ್ಟುಕೊಟ್ಟರು. ಚರಿತ್ರೆಯ ಪುಸ್ತಕದಲ್ಲಿ ಉಳಿದುಬಂದಿರುವ ಈ ಪತ್ರದಲ್ಲಿ ಸರ್ಪವು ಮಗನ ಸ್ವಭಾವವನ್ನಾಗಲಿ ಭಾಗ್ಯವನ್ನಾಗಲಿ ಹೇಳುವುದಿಲ್ಲ. ತಾಯಿಯು ಮಕ್ಕಳನ್ನು ಎಣಿಸಿಟ್ಟುಕೊಂಡ ಗುರುತು ಅದು, ಅಷ್ಟೆ.

ಇನ್ನು ಐದು ತತ್ತ್ವಗಳು. ಇವನ್ನು ನಮ್ಮ ಪಂಚಭೂತಗಳೆಂದು ತಿಳಿಯುವವರು ಬಹಳ. ಹೋಲಿಕೆ ಸಂಖ್ಯೆಯಲ್ಲಿ ಮಾತ್ರ. ಅವರ ಐದು ಮರ, ಬೆಂಕಿ, ಮಣ್ಣು, ಲೋಹ, ನೀರು. ವಾಯುವಿಗೂ ಆಕಾಶಕ್ಕೂ ಅಲ್ಲಿ ಎಡೆಯಿಲ್ಲ. ಅವರು ಬಳಸುವ ಪದಕ್ಕೆ ‘ನಡೆ’ ಎಂಬ ಅರ್ಥವಿರುವುದರಿಂದ ಐದು ವಸ್ತುಗಳೆನ್ನುವುದಕ್ಕಿಂತ ಐದು ನಡೆಗಳೆನ್ನುವುದೇ ಸರಿ. ಮರವು ಬೆಂಕಿಯನ್ನು ಹುಟ್ಟಿಸುವುದು, ಬೆಂಕಿಯ ಬೂದಿಯು ಮಣ್ಣಾಗುವುದು, ಮಣ್ಣಿನೊಡಲಲ್ಲಿ ಲೋಹ, ಲೋಹದ ಮೈಮೇಲೆ ನೀರು, ನೀರಿನಿಂದ ಮರ. ಇದು ಹುಟ್ಟಿನ ಚಕ್ರ. ಗೆಲವಿನ ಚಕ್ರವೊಂದು ಬೇರೆ: ನೀರು ಬೆಂಕಿಯನ್ನು ಆರಿಸುವುದು, ಬೆಂಕಿ ಲೋಹವನ್ನು ಕರಗಿಸುವುದು, ಕೊಡಲಿ ಮರವನ್ನು ಕಡಿಯುವುದು, ಮರದ ಬೇರು ಮಣ್ಣನ್ನು ಸೀಳುವುದು, ಕೆರೆಯ ಏರಿ ನೀರನ್ನು ತಡೆಯುವುದು. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ತ್ಸೌ ಯೆನ್ ಎಂಬ ಪಂಡಿತನು ರಾಜವಂಶಗಳು ಏಳುವುದೂ ಬೀಳುವುದೂ ಈ ಕ್ರಮದಲ್ಲಿಯೇ ಎಂದು ಬೋಧಿಸಿದನು. ಕ್ರಿ. ಪೂ. 221ರಲ್ಲಿ ಚೀನವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿಯು ಬೆಂಕಿಯ ವಂಶವನ್ನು ಗೆದ್ದ ನೀರು ತಾನೆಂದು, ನೀರಿನ ಬಣ್ಣವಾದ ಕಪ್ಪನ್ನೇ ರಾಜ್ಯದ ಬಣ್ಣವನ್ನಾಗಿ ಮಾಡಿಕೊಂಡನು.

ಬಣ್ಣಗಳ ವಿಷಯದಲ್ಲಿ ಒಡವೆ ಕೊಳ್ಳುವವರು ತಿಳಿಯಬೇಕಾದುದೊಂದುಂಟು. ಮರಕ್ಕೆ ಹಸುರು, ಬೆಂಕಿಗೆ ಕೆಂಪು, ಮಣ್ಣಿಗೆ ಹಳದಿ, ಲೋಹಕ್ಕೆ ಬಿಳುಪು. ಲೋಹಕ್ಕೂ ಬಂಗಾರಕ್ಕೂ ಚೀನೀಯರಲ್ಲಿ ಒಂದೇ ಅಕ್ಷರ. ಆದರೆ ಬಂಗಾರದ ಹಳದಿ ಮಣ್ಣಿನ ಬಣ್ಣ. ನಮ್ಮ ಹುಡುಗಿಯ ಪದಕದಲ್ಲಿ ಬಿಳಿಯ ಮಣಿಯನ್ನು ಪೋಣಿಸಿದವನಿಗೆ ಇಷ್ಟು ಶಾಸ್ತ್ರ ಗೊತ್ತಿದ್ದಿತು. ಪಂಚಾಂಗ ಮಾತ್ರ ಗೊತ್ತಿರಲಿಲ್ಲ.

ಪ್ರಾಣಿಗಳ ಸಾಲೂ ಐದು ನಡೆಗಳ ಚಕ್ರವೂ ಬೇರೆ ಬೇರೆ ಕಡೆಗಳಲ್ಲಿ ಹುಟ್ಟಿದವು. ಎರಡನ್ನೂ ಸೇರಿಸಿ ಹೊಲಿದ ಮೇಲೆ ಹೊಲಿಗೆಯು ಕಾಣದೆ ಹೋಗಲಿಲ್ಲ. ಕ್ರಿ. ಶ. ಮೊದಲನೆಯ ಶತಮಾನದಲ್ಲಿ ವಾಂಗ್ ಚುಂಗ್ ಎಂಬಾತನು ಅದನ್ನು ಹಿಡಿದು ಎಳೆದನು. ಬಡತನದಲ್ಲಿ ಬೆಳೆದು, ಪುಸ್ತಕ ಕೊಳ್ಳಲು ಹಣವಿಲ್ಲದೆ ಅಂಗಡಿಯಲ್ಲಿ ನಿಂತೇ ಓದಿ ಕಲಿತನೆಂದು ಪ್ರಸಿದ್ಧಿ. ತನ್ನ ‘ಲುನ್‌ಹಂಗ್’ ಗ್ರಂಥದಲ್ಲಿ ಆತನು ಕೇಳುವುದಿಷ್ಟು: ಇಲಿಯ ಶಾಖೆ ನೀರಿನದು, ಕುದುರೆಯ ಶಾಖೆ ಬೆಂಕಿಯದು, ನೀರು ಬೆಂಕಿಯನ್ನು ಗೆಲ್ಲುವುದಾದರೆ ಇಲಿಯು ಕುದುರೆಯನ್ನು ಏಕೆ ಅಟ್ಟಿಕೊಂಡು ಹೋಗುವುದಿಲ್ಲ? ಹುಂಜವು ಲೋಹ, ಮೊಲವು ಮರ. ಹುಂಜವು ಮೊಲವನ್ನು ಏಕೆ ಕುಕ್ಕಿ ತಿನ್ನುವುದಿಲ್ಲ? ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಯಾವ ಜೋಯಿಸನೂ ತೃಪ್ತಿಕರವಾದ ಉತ್ತರವನ್ನು ಕೊಟ್ಟುದನ್ನು ನಾನು ಓದಿಲ್ಲ.

ವಾಂಗ್ ಚುಂಗನ ತರ್ಕವನ್ನು ಓದಿದವರು ಕೆಲವರು; ತೊಟ್ಟಿಲಲ್ಲಿ ಕೂಸನ್ನಿಟ್ಟುಕೊಂಡವರು ಅನೇಕರು. ಎರಡನೆಯ ಶತಮಾನದ ಕೊನೆಯಲ್ಲಿ ಯಿಂಗ್ ಶಾವ್ ಎಂಬಾತನು ದೇಶಾಚಾರಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಐದನೆಯ ತಿಂಗಳ ಐದನೆಯ ದಿನ ಐದು ಬಣ್ಣದ ರೇಷ್ಮೆಯ ಎಳೆಗಳನ್ನು ತೋಳಿಗೆ ಕಟ್ಟಿಕೊಳ್ಳುವ ಪದ್ಧತಿಯನ್ನು ಹೇಳಿದ್ದಾನೆ. ಆಯುಧಭಯ, ಪಿಶಾಚಭಯ, ರೋಗಭಯಗಳ ನಿವಾರಣೆಗಾಗಿ ಇದು. ಹೆಸರು ‘ದೀರ್ಘಾಯುಸ್ಸಿನ ದಾರ’. ಬೇಸಗೆ ಬಲಿತು ವ್ಯಾಧಿಗಳು ಹಬ್ಬುವ ಕಾಲ ಅದು. ಐದು ನಡೆಗಳು ಮೈಮೇಲೆ ಬಂದುದು ಮೊದಲು ರತ್ನವಾಗಿ ಅಲ್ಲ, ಈ ದಾರವಾಗಿ. ಅದೇ ಹಬ್ಬದಂದು ಮೂಲಿಕೆಯ ಸೊಪ್ಪಿನಿಂದ ಮಾಡಿದ ಪುಟ್ಟ ಹುಲಿಯನ್ನು ಮುಡಿಗೆ ಸಿಕ್ಕಿಸಿಕೊಳ್ಳುವ ರೂಢಿಯೂ ಬೆಳೆಯಿತು. ಹುಲಿಯ ವರ್ಷದಲ್ಲಿ ಹುಟ್ಟಿದವರಿಗೆ ಮಾತ್ರ ಇದು ಎಂದಲ್ಲ. ಎಲ್ಲರಿಗೂ ಕಾವಲು ಹುಲಿಯೇ. ನಮ್ಮಲ್ಲಿ ಮಕ್ಕಳ ಕೊರಳಿಗೆ ಹುಲಿಯುಗುರನ್ನು ಕಟ್ಟುತ್ತಿದ್ದವರು ಯಾವ ರಾಶಿಯನ್ನು ಕೇಳುತ್ತಿದ್ದರು? (ವನ್ಯಜೀವಿಗಳ ರಕ್ಷಣೆಗೆ 1972ರಲ್ಲಿ ಕಾಯಿದೆ ಬಂದ ಮೇಲೆ ಅದು ಅಪರಾಧ.)

ಮುಂದೆ ಸುಯ್ ಮತ್ತು ತಾಂಗ್ ಅರಸರ ಕಾಲದಲ್ಲಿ ಕಂಚಿನ ಕನ್ನಡಿಗಳ ಬೆನ್ನಿನ ಮೇಲೆ ಹನ್ನೆರಡು ಪ್ರಾಣಿಗಳು ವರ್ತುಲವಾಗಿ ಓಡತೊಡಗಿದವು. ಆಮೇಲೆ ನಾಣ್ಯದ ಆಕಾರದ ತಾಯಿತಗಳು ಬಂದವು; ಅಂಗಡಿಯಲ್ಲಿ ಚಲಾವಣೆಯಾಗದ ಇವುಗಳ ಮೇಲೆಯೂ ಅವೇ ಪ್ರಾಣಿಗಳು, ಅವೇ ಶಾಖೆಗಳ ಅಕ್ಷರಗಳು. ಇವುಗಳನ್ನು ವಿಸ್ತರಿಸದೆ ನೇರವಾಗಿ ಬೀಗಕ್ಕೆ ಬರುತ್ತೇನೆ.

ಮಿಂಗ್ ಮತ್ತು ಚಿಂಗ್ ಅರಸರ ಕಾಲದಿಂದ ಬಹಳವಾಗಿ ಬಳಕೆಗೆ ಬಂದ ಮಕ್ಕಳ ಒಡವೆ ಇದು. ಬೆಳ್ಳಿಯ ತೆಳ್ಳನೆಯ ತಗಡಿನಿಂದ ಮಾಡಿದ, ಒಳಗೆ ಪೊಳ್ಳಾದ, ಹಳೆಯ ಕಾಲದ ಬೀಗದ ಆಕಾರದ ಪದಕ. ಒಂದು ಮಗ್ಗುಲಲ್ಲಿ ದೀರ್ಘಾಯುಸ್ಸನ್ನೂ ಸಿರಿಯನ್ನೂ ಹಾರೈಸುವ ನಾಲ್ಕು ಅಕ್ಷರಗಳು. ಇನ್ನೊಂದು ಮಗ್ಗುಲಲ್ಲಿ ಹಲವೊಮ್ಮೆ ಮಗುವಿನ ವರ್ಷದ ಪ್ರಾಣಿ. ತಿಂಗಳು ತುಂಬಿದಾಗಲೋ ನೂರು ದಿನವಾದಾಗಲೋ ವರ್ಷ ತುಂಬಿದಾಗಲೋ ಅದನ್ನು ಕೊರಳಿಗೆ ಹಾಕುವರು. ಅದಕ್ಕೆ ಬೀಗದ ಕೈ ಇಲ್ಲ. ಜೀವವನ್ನು ಮೈಯೊಳಗಿಟ್ಟು ಹಾಕಿದ ಬೀಗವದು, ಹಾಕಬೇಕಲ್ಲದೆ ತೆಗೆಯಬಾರದು. ‘ನೂರು ಮನೆಯ ಬೀಗ’ವೆಂಬುದು ಇದರಲ್ಲಿಯೇ ಒಂದು ಬಗೆ. ಮಗುವಿನ ಮನೆಯವರು ನಂಟರಲ್ಲಿಗೂ ನೆರೆಹೊರೆಯವರಲ್ಲಿಗೂ ಹೋಗಿ ಮನೆಗೊಂದು ಕಾಸನ್ನು ಕೇಳಿ ತಂದು, ಕೂಡಿದ ಹಣದಿಂದ ಬೀಗವನ್ನು ಮಾಡಿಸುವರು. ಹಣವಿದ್ದವರೂ ಹೀಗೆ ಕೇಳಿ ತರುವುದುಂಟು. ಏಕೆಂದರೆ ಬೇಕಾದುದು ಬೆಳ್ಳಿಯಲ್ಲ. ನೂರು ಮನೆಗಳು ಸೇರಿ ಹಿಡಿದುಕೊಂಡಿರುವ ಮಗುವನ್ನು ಮೃತ್ಯುವು ಸುಲಭವಾಗಿ ಎಳೆದುಕೊಂಡು ಹೋಗಲಾರದೆಂಬ ನಂಬಿಕೆ. ಉತ್ತರ ಚೀನದ ಕೆಲವು ಪ್ರಾಂತಗಳಲ್ಲಿ ಮಗುವಿಗೆ ಹನ್ನೆರಡು ತುಂಬಿದಾಗ, ಎಂದರೆ ಪ್ರಾಣಿಗಳ ಚಕ್ರವು ಒಂದು ಸುತ್ತು ತಿರುಗಿ ಬಂದಾಗ, ‘ಬೀಗ ತೆರೆಯುವ’ ಹಬ್ಬವನ್ನು ಮಾಡುವರು. ಅಪಾಯದ ಕಾಲವು ದಾಟಿತೆಂದು ಅರ್ಥ. ಹೆತ್ತ ಮಕ್ಕಳು ಉಳಿಯದ ಮನೆಗಳಲ್ಲಿ ನಮ್ಮವರು ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ, ತಿಪ್ಪಮ್ಮ ಎಂದು ಹೆಸರಿಟ್ಟುದನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಚೀನದ ಹಳ್ಳಿಗಳಲ್ಲಿಯೂ ಮುದ್ದಿನ ಮಗನನ್ನು ‘ನಾಯಿಮರಿ’ ಎಂದು ಕರೆಯುತ್ತಿದ್ದರು.

ಲೂ ಶುನ್ ಎಂಬ ಮಹಾಲೇಖಕನು 1921ರಲ್ಲಿ ಪ್ರಕಟಿಸಿದ ‘ಹುಟ್ಟೂರು’ ಎಂಬ ಕಥೆಯಲ್ಲಿ ಒಬ್ಬ ರೈತನ ಮಗನಿರುವನು. ಅಧಿಕಮಾಸದಲ್ಲಿ ಹುಟ್ಟಿದವನು, ಐದು ನಡೆಗಳಲ್ಲಿ ಅವನಿಗೆ ಮಣ್ಣಿನ ಕೊರತೆಯೆಂದು ಜಾತಕ ಹೇಳಿತು, ಆದುದರಿಂದ ಹೆಸರಿನಲ್ಲಿಯೇ ಮಣ್ಣನ್ನು ಸೇರಿಸಿ ‘ರುನ್‌ತೂ’ ಎಂದು ಕರೆದರು. ಮಗನು ಸತ್ತಾನೆಂದು ಅಂಜಿದ ತಂದೆಯು ದೇವರಿಗೆ ಹರಕೆ ಹೊತ್ತು ಅವನ ಕೊರಳಿಗೆ ಬೆಳ್ಳಿಯ ಬಳೆಯನ್ನು ತೊಡಿಸಿದ್ದನು. ಮೂವತ್ತು ವರ್ಷಗಳ ತರುವಾಯ ಕಥೆಗಾರನು ಅವನನ್ನು ಮತ್ತೆ ಕಾಣುತ್ತಾನೆ. ಬರ, ತೆರಿಗೆ, ಸೈನಿಕರು, ಕಳ್ಳರು, ಇವರೆಲ್ಲರ ಕೈಯಲ್ಲಿ ನುಗ್ಗಾದ ಬಡವ. ಅವನ ಬೆನ್ನ ಹಿಂದೆ ಅವನಂತೆಯೇ ಇರುವ ಮಗ. ಆ ಮಗನ ಕೊರಳಿನಲ್ಲಿ ಮಾತ್ರ ಬೆಳ್ಳಿಯ ಬಳೆಯಿಲ್ಲ.

ತಮ್ಮ ಪ್ರಾಣಿಯ ವರ್ಷವು ಮರಳಿ ಬಂದಾಗ ಚೀನೀಯರು ಹಿಗ್ಗುವರೆಂದು ಅಂಗಡಿಯ ಕಾಗದವನ್ನು ಓದಿದವರು ತಿಳಿಯಬಹುದು. ಆದರೆ ಹಳೆಯ ನಂಬಿಕೆಯಂತೆ ಅದು ಕಂಟಕದ ವರ್ಷ. ಆ ವರ್ಷವಿಡೀ ಕೆಂಪು ಉಡಿದಾರವನ್ನು ಕಟ್ಟಿಕೊಂಡು, ಕೆಂಪು ಒಳಬಟ್ಟೆಯನ್ನು ತೊಟ್ಟು ಜೋಕೆಯಿಂದಿರುವವರು ಇಂದಿಗೂ ಬಹಳ. ಅರಸರಿಗೂ ಈ ಜೋಕೆ ತಪ್ಪಿದುದಲ್ಲ. ಸುಂಗ್ ವಂಶದ ಚಕ್ರವರ್ತಿ ಹುಯ್‌ತ್ಸುಂಗನು 1082ರಲ್ಲಿ, ನಾಯಿಯ ವರ್ಷದಲ್ಲಿ, ಹುಟ್ಟಿದವನು, ಒಳ್ಳೆಯ ಚಿತ್ರಕಾರ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಒಬ್ಬ ಅಧಿಕಾರಿಯು, ನಾಯಿಯು ಪ್ರಭುಗಳ ಜನ್ಮವರ್ಷದ ಪ್ರಾಣಿಯಾದುದರಿಂದ ರಾಜಧಾನಿಯಲ್ಲಿ ನಾಯಿಯ ಮಾಂಸವನ್ನು ಮಾರುವ ಕಸುಬನ್ನು ನಿಲ್ಲಿಸಬೇಕೆಂದು ಬಿನ್ನವಿಸಿದನು. ರಾಜ್ಯದಲ್ಲೆಲ್ಲ ನಾಯಿಗಳನ್ನು ಕೊಲ್ಲಬಾರದೆಂದು ಆಜ್ಞೆಯಾಯಿತು. ಸುಳಿವು ಕೊಟ್ಟವರಿಗೆ ಬಹುಮಾನ. ಹುಯ್‌ತ್ಸುಂಗನನ್ನು ನಾಯಿಗಳು ಕಾಯಲಿಲ್ಲ. ಉತ್ತರದ ಜುರ್‌ಚೆನ್ ಪಡೆಗಳ ಮುತ್ತಿಗೆಗೆ ಸಿಕ್ಕಿ ಅವನ ರಾಜಧಾನಿ ಬಿದ್ದಿತು. ಅವನೂ ಮಗನೂ ಸೆರೆಹೋದರು.

ರಾಜಧಾನಿ ಬಿದ್ದ ಆ ಚಾಂದ್ರವರ್ಷ, 1126ರಲ್ಲಿ ತೊಡಗಿದುದು, ಕಾಂಡವೂ ಬೆಂಕಿಯದು, ಶಾಖೆಯೂ ಬೆಂಕಿಯದು ಆದ ‘ಬೆಂಕಿಯ ಕುದುರೆ’ಯ ವರ್ಷ. ಅರವತ್ತು ವರ್ಷಗಳಿಗೊಮ್ಮೆ ಬರುವ ಈ ವರ್ಷವು ರಾಜ್ಯಕ್ಕೆ ಉತ್ಪಾತದ್ದೆಂಬ ಮಾತು ಸುಂಗರ ಕಾಲದಲ್ಲಿ ಬಲವಾಯಿತು. 1246ರಲ್ಲಿ ಅದು ಮತ್ತೆ ಬಂದಾಗ ಚಾಯ್ ವಾಂಗ್ ಎಂಬ ಪಂಡಿತನು ಅಂತಹ ವರ್ಷಗಳ ವಿಪತ್ತುಗಳನ್ನೆಲ್ಲ ಪಟ್ಟಿ ಮಾಡಿ ಅರಸನಿಗೆ ಒಪ್ಪಿಸಿದನು. ಇದೇ ವರ್ಷದ ಭಯವು ಜಪಾನಿನಲ್ಲಿ ಬೇರೊಂದು ರೂಪವನ್ನು ತಾಳಿತು. ಅಲ್ಲಿ ಅದು ರಾಜ್ಯವನ್ನು ಬಿಟ್ಟು ಹೆಣ್ಣುಮಕ್ಕಳ ಬೆನ್ನು ಹತ್ತಿತು. ಎಡೋ ನಗರದ ತರಕಾರಿ ವ್ಯಾಪಾರಿಯ ಮಗಳು ಓಷಿಚಿ ಎಂಬವಳನ್ನು, ಊರಿಗೆ ಬೆಂಕಿಯಿಟ್ಟಳೆಂದು 1683ರಲ್ಲಿ ಕೊಂದರು. ಅವಳು ಹುಟ್ಟಿದುದು 1666ರ ಬೆಂಕಿಯ ಕುದುರೆಯಲ್ಲಿ ಎಂದು ಜನರು ಹೇಳಿಕೊಂಡರು, ನಾಟಕಗಳಲ್ಲಿ ಆಡಿದರು. ಆ ವರ್ಷದ ಹೆಣ್ಣು ಗಂಡನನ್ನು ತಿನ್ನುವಳೆಂಬ ಮಾತು ನಿಂತುಬಿಟ್ಟಿತು. 1906ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಮದುವೆಯ ವಯಸ್ಸಿಗೆ ಬಂದಾಗ ವರಗಳು ಹಿಮ್ಮೆಟ್ಟಿದರು.

ಅದಾಗಿ ಅರವತ್ತು ವರ್ಷಕ್ಕೆ, ರೈಲುಗಳೂ ಟೆಲಿವಿಷನ್ನೂ ಬಂದಿದ್ದ ಜಪಾನಿನಲ್ಲಿ, ಸರಕಾರದ ಜನನದ ಲೆಕ್ಕ ಹೀಗಿದೆ: 1965ರಲ್ಲಿ ಹುಟ್ಟಿದ ಮಕ್ಕಳು 18,23,697; 1966ರಲ್ಲಿ 13,60,974; 1967ರಲ್ಲಿ 19,35,647. ಯುದ್ಧವಿಲ್ಲ, ಕ್ಷಾಮವಿಲ್ಲ, ಮಾರಿಯಿಲ್ಲ. ಹಿಂದಿನ ವರ್ಷಕ್ಕಿಂತ ನಾಲ್ಕು ಲಕ್ಷ ಅರವತ್ತೆರಡು ಸಾವಿರ ಮಕ್ಕಳು ಕಡಿಮೆ. ಹೆಣ್ಣು ಹುಟ್ಟೀತೆಂಬ ಅಂಜಿಕೆಯಿಂದ ಗಂಡನ್ನೂ ಬೇಡವೆಂದರು. ಬೀಗ ಹಾಕುವ ಮಾತು ಹಾಗಿರಲಿ, ತೊಟ್ಟಿಲನ್ನೇ ಕಟ್ಟಲಿಲ್ಲ. ಶುಯ್‌ಹುದಿಯ ಅಧಿಕಾರಿಯ ಪಟ್ಟಿಯೇ ಊರ್ಜಿತವಾಗಿದ್ದಿದ್ದರೆ 1966 ಬೆಂಕಿಯ ಜಿಂಕೆಯ ವರ್ಷವಾಗುತ್ತಿದ್ದಿತು. ಜಿಂಕೆಗೆ ಅಂಜಿ ಯಾರು ಮಕ್ಕಳನ್ನು ಬೇಡವೆನ್ನುತ್ತಿದ್ದರೋ ತಿಳಿಯದು. 2026ನೆಯ ಇಸವಿಯೂ, ನಮ್ಮ ಪರಾಭವ ಸಂವತ್ಸರಕ್ಕೆ ಕೂಡಿಬರುವ ವರ್ಷ, ಬೆಂಕಿಯ ಕುದುರೆಯದೇ.

ಇದನ್ನೆಲ್ಲ ನಾನು ಒಂದು ಸಂಜೆ ಚಿಕ್ಕಮ್ಮನವರ ಮನೆಯ ಜಗಲಿಯಲ್ಲಿ ಕುಳಿತು ಹೇಳಿದೆನು. ಹುಡುಗಿಯು ಪದಕವನ್ನು ಬೆರಳಿನಲ್ಲಿ ತಿರುಗಿಸುತ್ತ ಕೇಳುತ್ತಿದ್ದವಳು, “ಹಾಗಾದರೆ ದೊಡ್ಡಪ್ಪ, ಇದನ್ನು ಹಿಂದಕ್ಕೆ ಕೊಟ್ಟು ಹಾವಿನದನ್ನು ತರಲೇ?” ಎಂದಳು. ಜಪಾನಿನವರು 1873ರಿಂದ ಜನವರಿ ಒಂದನೆಯ ತಾರೀಖಿಗೇ ವರ್ಷವನ್ನು ಮೊದಲುಮಾಡುವುದರಿಂದ ಅವರ ಲೆಕ್ಕದಲ್ಲಿ ನೀನು ಕುದುರೆಯೇ ಹೌದೆಂದು ನಾನು ಸಮಾಧಾನ ಹೇಳುವಷ್ಟರಲ್ಲಿ, ಒಳಗಿನಿಂದ ಚಿಕ್ಕಮ್ಮನವರ ದನಿ ಕೇಳಿಸಿತು: “ಕೊರಳಿಗೆ ಹಾವು ಸುತ್ತಿಕೊಳ್ಳುವುದಕ್ಕೆ ಇವಳೇನು ಈಶ್ವರನೇ? ಕುದುರೆಯೇ ಇರಲಿ.”